ಮಾರ್ಚ್ ಇಪ್ಪತ್ತೆರಡರ ಪ್ಯಾಕೆಟ್

ಫೆಬ್ರವರಿ 24, ಸಂಜೆ 6.10

ಇವತ್ತು ಹತ್ತೊಂಬತ್ತು ಬ್ಯಾಚ್. ಹತ್ತೊಂಬತ್ತು ಸ್ಯಾಂಪಲ್ ಪ್ಯಾಕೆಟ್ ನನ್ನ ಕೋಣೆಗೆ ಬಂದವು. ಬಣ್ಣ ನೋಡಿ, ಸೀಲ್ ಮಾಡಿ, ಶೆಲ್ಫಿಗೆ ಸೇರಿಸಿದೆ. ಹಸಿ ಬೀಜದ ಲಾರಿ ತಡವಾಗಿ ಬಂತು. ಸೈಲೋ ಕಣಜಕ್ಕೆ ಬೀಜ ಸುರಿಯುವ ಸದ್ದಿಗೆ ಎರಡು ಗಂಟೆ ಯಾರ ಮಾತೂ ಕೇಳಿಸಲಿಲ್ಲ. ನನಗೆ ಅದೇ ಹಿತ.

ಈ ವಾರ ಹೋದ ವರ್ಷದ ಫೆಬ್ರವರಿ ಶೆಲ್ಫ್ ಖಾಲಿ ಮಾಡಬೇಕು. ನಿಯಮ ಹಾಗೆ — ಹುರಿದ ಪ್ರತಿ ಬ್ಯಾಚಿನಿಂದ ಇನ್ನೂರು ಗ್ರಾಂ ಕಾಫಿ ಬೀಜ ತೆಗೆದು ಒಂದು ವರ್ಷ ಇಡುವುದು. ವರ್ಷವಾದ ಮೇಲೆ ಮೂಟೆಗೆ ಸುರಿದು ಗೊಬ್ಬರದವರಿಗೆ. ಇಪ್ಪತ್ತೊಂದು ವರ್ಷದಿಂದ ಮಾಡುತ್ತಿದ್ದೇನೆ. ಯಾವತ್ತೂ ಏನೂ ಅನಿಸಿದ್ದಿಲ್ಲ.

ಫೆಬ್ರವರಿ ಆದ ಮೇಲೆ ಮಾರ್ಚ್...

ಮನೆಗೆ ಬಂದಾಗ ಅತ್ತೆ ಬಟ್ಟೆ ಮಡಚುತ್ತಿದ್ದರು. "ಬಡಿಸ್ಲಾ?" "ಬಡಿಸಿ." ಅಷ್ಟೇ. ಹೆಂಡತಿ ಇದ್ದಾಗ ನಾನೂ ಅತ್ತೆಯೂ ಅವಳ ಮೂಲಕವೇ ಮಾತಾಡುತ್ತಿದ್ದದ್ದು. ನೇರವಾಗಿ ಆಡಿ ಇಬ್ಬರಿಗೂ ಅಭ್ಯಾಸವಿಲ್ಲ.

ಫೆಬ್ರವರಿ 27, ಸಂಜೆ

ಬರೆದುಬಿಡುತ್ತೇನೆ. ಓದುವವರು ಯಾರಿದ್ದಾರೆ.

ಹೋದ ವರ್ಷ ಮಾರ್ಚ್ 22. ಮೂರು ತಿಂಗಳಿಂದ ಕಾಯಿಲೆ ರಜೆಯಲ್ಲಿದ್ದವಳು ಹಟ ಮಾಡಿ ಕೆಲಸಕ್ಕೆ ಬಂದಳು. ಎರಡನೇ ಡ್ರಮ್ಮಿನ ಮುಂದೆ ನಿಂತು ಒಂದೇ ಒಂದು ಬ್ಯಾಚ್ ಹುರಿದಳು. ಏಳನೇ ನಂಬರ್ ಮಿಶ್ರಣ, ಇನ್ನೂರ ನಲವತ್ತು ಕೆಜಿ. ಸ್ಯಾಂಪಲ್ ತಾನೇ ಕೆಳಗೆ ತಂದು ನನ್ನ ಮೇಜಿನ ಮೇಲಿಟ್ಟಳು. "ತಗೊಳ್ಳಿ ಸಾಹೇಬ್ರೇ, ಸಹಿ ಹಾಕಿ." ಹತ್ತೊಂಬತ್ತು ವರ್ಷ ಅದೇ ತಮಾಷೆ, ಹತ್ತೊಂಬತ್ತು ವರ್ಷ ನಾನು ನಕ್ಕಿರಲಿಲ್ಲ. ಅವತ್ತು ನಕ್ಕೆ. ಏಪ್ರಿಲ್‌ನಲ್ಲಿ ಹೋದಳು.

ಅವಳ ಕೆಲಸದ ಕೋಟು ಬಾಗಿಲ ಹಿಂದೆ ನೇತಾಡುತ್ತಿತ್ತು. ಹದಿನೈದು ದಿನವೂ ಆಗಿರಲಿಲ್ಲ, ಅತ್ತೆ ಒಗೆದು ಹರವಿಬಿಟ್ಟರು. ಹೊಗೆ, ಹುರಿದ ಬೀಜ, ಅವಳು — ಎಲ್ಲ ಸೋಪಿನ ನೀರಿನಲ್ಲಿ ಹೋಯಿತು. ಮೂರು ದಿನ ಮಾತು ಬಿಟ್ಟೆ. ಏಕೆಂದು ಅವರಿಗೆ ಹೇಳಲೂ ಇಲ್ಲ.

ಉಳಿದದ್ದು ಆ ಪ್ಯಾಕೆಟ್. ಸೀಲ್ ಒಡೆದಿಲ್ಲ. ಅವಳು ಹುರಿದ ವಾಸನೆ ಒಳಗೆ ಹಾಗೇ ಇದೆ. ಮುಂದಿನ ತಿಂಗಳು ಅದೂ ಮೂಟೆಗೆ ಬೀಳಬೇಕು. ಇವತ್ತು ಅದನ್ನು ಮಾರ್ಚ್ ಶೆಲ್ಫಿನಿಂದ ತೆಗೆದು ಮೇ ಶೆಲ್ಫಿನ ಹಿಂದಿನ ಸಾಲಿಗೆ ತಳ್ಳಿದೆ. ಈ ಕೋಣೆಯಲ್ಲಿ ನಾನು ಮಾಡಿದ ಮೊದಲ ಕಳ್ಳತನ.

ಮಾರ್ಚ್ 4, ಮಧ್ಯಾಹ್ನ 1.30, ಊಟದ ಹೊತ್ತು

ಏಳನೇ ನಂಬರ್ ಮೇಲೆ ದೂರು ಬಂದಿದೆ. ಕೊಳ್ಳುವ ಹೋಟೆಲಿನವರು ಹುಳಿ ಎನ್ನುತ್ತಾರೆ.

ಅವಳು ಕಾಯಿಲೆ ಬಿದ್ದಾಗಿನಿಂದ ಆ ಮಿಶ್ರಣವನ್ನು ಬೇರೆ ಫ್ಯಾಕ್ಟರಿಗೆ ಕೊಟ್ಟು ಹುರಿಸುತ್ತಿದ್ದರು. ಈ ಜನವರಿಯಲ್ಲಿ ಅದು ವಾಪಸ್ ಬಂತು. ಎರಡನೇ ಡ್ರಮ್ಮಿಗೆ ಉರಿ, ಸಮಯ ಹೇಳುವ ಹೊಸ ಪ್ಯಾನೆಲ್ ಬಂತು, ಅದರ ಜೊತೆ ಹೊಸ ಆಪರೇಟರ್ ಬಂದ. ನಲವತ್ತರ ಮೇಲಿನವನು. ಮೊದಲು ಬಿಸ್ಕತ್ತು ಫ್ಯಾಕ್ಟರಿಯ ಒಲೆ ನೋಡಿಕೊಳ್ಳುತ್ತಿದ್ದನಂತೆ. ಎಲ್ಲರೂ ಬಿಸ್ಕತ್ತು ಎಂದೇ ಕರೆಯುತ್ತಾರೆ. ಅವನೂ ಓ ಎನ್ನುತ್ತಾನೆ.

ಅವನು ನನ್ನ ಕೋಣೆಗೆ ಬಂದ. "ಅಣ್ಣಾ, ಪ್ಯಾನೆಲ್ ಹೇಳಿದ ಹಾಗೇ ಮಾಡ್ತಿದೀನಿ. ಬಣ್ಣ ನೋಡಿ ನೀವೇ ಹೇಳಿ, ತಪ್ಪಿದೆಯಾ?"

ಮೀಟರಿನಲ್ಲಿ ಬೀಜದ ಬಣ್ಣ ಅರವತ್ತೆರಡು. ಕಾಗದದಲ್ಲಿರುವುದೂ ಅರವತ್ತೆರಡೇ. ತಪ್ಪಿಲ್ಲ.

ಹಿಂದೆಯೇ ಟೇಸ್ಟರ್ ಮೇಡಂ. ದಿನಕ್ಕೆ ಎಂಬತ್ತು ಕಪ್ ಕಾಫಿ ರುಚಿ ನೋಡಿ ಉಗುಳುವವರು. "ಹೊರಗೆ ಆಗಿದೆ, ಒಳಗೆ ಬೆಂದಿಲ್ಲ ಅಂತ ನಾಲಿಗೆ ಹೇಳುತ್ತೆ. ಆದರೆ ಎಷ್ಟು ಬೇಯ್ಬೇಕಿತ್ತು ಅಂತ ತೋರಿಸೋಕೆ ಹಳೇದೊಂದು ಬೇಕಲ್ಲ. ನಿಮ್ಮ ಹತ್ರ ಹಳೇ ಏಳನೇ ನಂಬರ್ ಏನಾದ್ರೂ ಉಳಿದಿದೆಯಾ?"

"ಇಲ್ಲ ಮೇಡಂ. ಎಲ್ಲ ಗೊಬ್ಬರಕ್ಕೆ ಹೋಯ್ತು."

ಎಷ್ಟು ಸಲೀಸಾಗಿ ಬಂತು ಬಾಯಿಂದ.

ಮಾರ್ಚ್ 9, ಸಂಜೆ 5.45

ಮ್ಯಾನೇಜರ್ ಗಡುವು ಕೊಟ್ಟಿದ್ದಾರೆ — ತಿಂಗಳ ಕೊನೆ. ಅಷ್ಟರಲ್ಲಿ ಸರಿಹೋಗದಿದ್ದರೆ ಏಳನೇ ನಂಬರ್ ಖಾಯಂ ಆಗಿ ಬೇರೆ ಫ್ಯಾಕ್ಟರಿಗೆ. ಎರಡನೇ ಡ್ರಮ್ಮು ಬಂದ್. ಬಿಸ್ಕತ್ತಿಗೆ ಬೇರೆ ಕೆಲಸ ಇಲ್ಲ.

ಊಟಕ್ಕೆ ಕೂತಾಗ ಪ್ಯಾಕಿಂಗಿನವಳು ಅವನನ್ನು ರೇಗಿಸಿದಳು. "ಅಷ್ಟು ವರ್ಷ ಒಲೆ ಮುಂದೆ ನಿಂತವನಿಗೆ ಒಳಗೆ ಬೆಂದಿಲ್ಲ ಅಂತ ಗೊತ್ತಾಗಲ್ವೇನೋ?"

"ಬಿಸ್ಕತ್ತಿಗೆ ಒಳಗು ಅನ್ನೋದೇ ಇರಲ್ಲ ಅಕ್ಕಾ. ಬರೀ ಹೊರಗೇ."

ಎಲ್ಲರೂ ನಕ್ಕರು. ಅವನೂ ನಕ್ಕ. ಆದರೆ ಡಬ್ಬಿಯ ಅನ್ನ ಅರ್ಧ ಹಾಗೇ ಉಳಿದಿತ್ತು.

ಮಾರ್ಚ್ 17

ಎಂಟು ದಿನ ಬರೆದಿಲ್ಲ. ಬರೆದರೆ ಅದನ್ನೇ ಬರೆಯಬೇಕಾಗುತ್ತಿತ್ತು.

ಬಿಸ್ಕತ್ತು ಒಂದು ನೋಟ್‌ಬುಕ್ ಇಟ್ಟುಕೊಂಡು ಎಲ್ಲರನ್ನೂ ಕೇಳುತ್ತಿದ್ದಾನೆ. ಹಳೇ ರಿಜಿಸ್ಟರಿನಲ್ಲಿ ಎಷ್ಟು ಬ್ಯಾಚ್ ಎಂದಿದೆ, ಹೇಗೆ ಎಂದಿಲ್ಲ. ಇವತ್ತು ನನ್ನನ್ನೇ ಕೇಳಿದ.

"ಅತ್ತಿಗೆ ಹೇಗೆ ಹುರೀತಿದ್ರು ಅಣ್ಣಾ?"

ಅವಳನ್ನು ಕಂಡೇ ಇಲ್ಲ ಅವನು. ಅತ್ತಿಗೆ ಅಂದ.

ಅವಳು ಮೇಲೆ, ನಾನು ಕೆಳಗೆ. ಹತ್ತೊಂಬತ್ತು ವರ್ಷ ಅವಳು ಹುರಿದದ್ದರ ಬಣ್ಣ ನೋಡಿದೆ. ಹುರಿಯುವುದನ್ನು ಒಂದು ದಿನ ಮೆಟ್ಟಿಲು ಹತ್ತಿ ಹೋಗಿ ನೋಡಲಿಲ್ಲ. "ಗೊತ್ತಿಲ್ಲಪ್ಪ" ಎಂದೆ. ಅವನು ಅದನ್ನೂ ಬರೆದುಕೊಂಡನೋ ಏನೋ.

ಮಾರ್ಚ್ 21, ಸಂಜೆ 7

ಅತ್ತೆಗೆ ಹೇಳಿಬಿಟ್ಟೆ. ಹೇಗೆ ಶುರುವಾಯಿತೋ ತಿಳಿಯದು. "ಊಟ ಸೇರ್ತಿಲ್ಲ ನಿಮಗೆ, ಏನಾಗಿದೆ?" ಎಂದರು. ಪ್ಯಾಕೆಟ್ಟಿನ ವಿಷಯ ಹೇಳಿದೆ. ಕೋಟಿನ ವಿಷಯವೂ ಬಂದುಬಿಟ್ಟಿತು.

ಅತ್ತೆ ಸೌಟು ಕೆಳಗಿಟ್ಟರು. "ಅದಕ್ಕಾ ಆ ಮೂರು ದಿನ? ನಾನು ಸಾರಿಗೆ ಉಪ್ಪು ಜಾಸ್ತಿ ಆಯ್ತೇನೋ ಅಂದ್ಕೊಂಡಿದ್ದೆ."

ಆಮೇಲೆ — "ಹಾಗೇ ಬಿಟ್ಟಿದ್ರೆ ಹುಳ ಹಿಡೀತಿತ್ತು ಅಳಿಯಂದಿರೇ. ಅವಳ ಕೋಟನ್ನ ಹುಳಕ್ಕೆ ಬಿಡೋಕೆ ಮನಸ್ಸು ಬರ್ಲಿಲ್ಲ. ಒಗೀವಾಗ ನಾನೂ ಮೂಸಿ ನೋಡಿದ್ದೆ."

ನನಗೆ ತಲೆ ಎತ್ತಲಾಗಲಿಲ್ಲ.

"ಆ ಪ್ಯಾಕೆಟ್ ಯಾಕೆ ಇಡ್ತಾರೆ ನಿಮ್ಮಲ್ಲಿ?"

"ಯಾರಾದ್ರೂ ದೂರು ಕೊಟ್ರೆ ತೆಗೆದು ನೋಡೋಕೆ."

"ಈಗ ದೂರು ಬಂದಿದೆಯಲ್ಲ."

ಅಷ್ಟು ಹೇಳಿ ಒಲೆ ಆರಿಸಲು ಎದ್ದುಹೋದರು.

ಮಾರ್ಚ್ 22, ಬೆಳಿಗ್ಗೆ 11

ಮೇಡಂ ಮುಂದೆ ಇಟ್ಟೆ. "ಇಲ್ಲ ಅಂದಿದ್ರಿ?" "ಸುಳ್ಳು ಹೇಳಿದ್ದೆ." ಅವರು ಲೇಬಲ್ ನೋಡಿದರು, ತಾರೀಖು ನೋಡಿದರು, ನನ್ನನ್ನು ನೋಡಲಿಲ್ಲ. "ಅರ್ಧ ಸಾಕು ನನಗೆ. ಉಳಿದದ್ದು ನೀವೇ ಇಟ್ಕೊಳ್ಳಿ."

ಕತ್ತರಿ ನಾನೇ ಹಿಡಿದೆ. ಮೂಗು ಹತ್ತಿರ ಒಯ್ದೆ.

ರಟ್ಟಿನ ವಾಸನೆ. ಹಳೇ ರಟ್ಟಿನ ಡಬ್ಬಿ, ಸ್ವಲ್ಪ ಎಣ್ಣೆ ಕಮಟು. ಅಷ್ಟೇ. ವರ್ಷವಾದರೆ ಬೀಜದ ವಾಸನೆ ಹೀಗೇ ಆಗುತ್ತದೆ ಎಂದು ಬೇರೆಯವರಿಗೆ ಸಾವಿರ ಸಲ ನಾನೇ ಹೇಳಿದ್ದೇನೆ... ಈ ಒಂದು ಪ್ಯಾಕೆಟ್ಟಿಗೆ ಆ ಮಾತು ತಗಲುವುದಿಲ್ಲ ಎಂದುಕೊಂಡಿದ್ದೆ.

ಕೂತುಬಿಟ್ಟೆ. ಮೇಡಂ ನೀರು ಕೊಟ್ಟರು. ಆಮೇಲೆ ಮೆಲ್ಲಗೆ, "ವಾಸನೆ ಹೋಗುತ್ತೆ. ಬಣ್ಣ ಎಲ್ಲೂ ಹೋಗಲ್ಲ. ಪುಡಿ ಮಾಡಿ."

ಪುಡಿ ಮಾಡಿದೆ. ಬಿಸ್ಕತ್ತಿನ ನಿನ್ನೆಯ ಬ್ಯಾಚನ್ನೂ ಪುಡಿ ಮಾಡಿ ಪಕ್ಕದಲ್ಲಿಟ್ಟೆ. ಬೀಜವಾಗಿದ್ದಾಗ ಎರಡೂ ಒಂದೇ ಬಣ್ಣ. ಪುಡಿಯಾದ ಮೇಲೆ ಅವಳದು ಅರವತ್ತನಾಲ್ಕು, ಅವನದು ಅರವತ್ತೊಂಬತ್ತು. ಅಂಕಿ ಹೆಚ್ಚಿದಷ್ಟೂ ಬಣ್ಣ ತಿಳಿ. ಅವನ ಬೀಜ ಒಳಗೆ ಇನ್ನೂ ಹಸಿ.

ಬಿಸ್ಕತ್ತು ಓಡಿಬಂದ. ಪುಡಿಯನ್ನು ನೋಡಲೇ ಇಲ್ಲ, ಲೇಬಲ್ ಎತ್ತಿಕೊಂಡ. "ಅಣ್ಣಾ, ಇಲ್ಲಿ ಹಾಕಿದ್ದು ಒಂಬತ್ತು ಹತ್ತು, ಇಳಿಸಿದ್ದು ಒಂಬತ್ತು ಇಪ್ಪತ್ತಾರು. ಹದಿನಾರು ನಿಮಿಷ! ಪ್ಯಾನೆಲ್‌ನಲ್ಲಿ ಹದಿನಾಲ್ಕೇ ಇರೋದು."

ಅವಳ ಕೈಬರಹ. ಆ ಲೇಬಲ್ಲನ್ನು ನೂರು ಸಲ ಓದಿದ್ದೇನೆ. ಅಕ್ಷರ ನೋಡಿದ್ದೆ. ಗಂಟೆ ನಿಮಿಷ ನೋಡಿರಲಿಲ್ಲ.

ಮಾರ್ಚ್ 25, ಮಧ್ಯಾಹ್ನ 3

ಮೊನ್ನೆ ಎರಡು ಬ್ಯಾಚ್ ಕೆಟ್ಟವು. ಎರಡು ನಿಮಿಷ ಕೊನೆಯಲ್ಲಿ ಸೇರಿಸಿದರೆ ಹೊರಗೆ ಕರಕು. ಎಲ್ಲಿ ಸೇರಿಸಬೇಕೆಂದು ಲೇಬಲ್ ಹೇಳುವುದಿಲ್ಲ.

ಇವತ್ತು ನಾನೂ ಮೆಟ್ಟಿಲು ಹತ್ತಿದೆ. ಡ್ರಮ್ಮಿನ ಕಿಟಕಿ ಅಂಗೈ ಅಗಲದ್ದು. ಅದರೊಳಗೆ ಇನ್ನೂರ ನಲವತ್ತು ಕೆಜಿ ಹಸಿರು ಬೀಜ ಏಳುತ್ತಾ ಬೀಳುತ್ತಾ ಇತ್ತು. ಹಸಿರು ಹೋಗಿ ಹಳದಿ. ಮೊದಲು ಒಣಹುಲ್ಲಿನ ವಾಸನೆ, ಆಮೇಲೆ ಬ್ರೆಡ್ಡು ಸುಟ್ಟಂತೆ. ನೆಲದಲ್ಲಿ ಅವಳು ನಿಲ್ಲುತ್ತಿದ್ದ ಜಾಗ ಬಣ್ಣ ಸವೆದು ಎರಡು ಹೆಜ್ಜೆಯಾಗಿದೆ. ಅದು ಪ್ಯಾನೆಲ್ಲಿನ ಮುಂದಿಲ್ಲ. ಕಿಟಕಿಯ ಮುಂದಿದೆ, ಕೈ ಚಾಚಿದರೆ ಗ್ಯಾಸಿನ ತಿರುಪು.

ಬಿಸ್ಕತ್ತಿಗೆ ತೋರಿಸಿದೆ. ಅವನು ಪ್ಯಾನೆಲ್ ಬಿಟ್ಟು ಅಲ್ಲಿ ಬಂದು ನಿಂತ. ಹಳದಿ ಕಂಡ ಕೂಡಲೇ ಉರಿ ತಗ್ಗಿಸಿದ. "ಇಲ್ಲೇ ಅಣ್ಣಾ. ಅತ್ತಿಗೆ ಇಲ್ಲೇ ನಿಧಾನ ಮಾಡಿರ್ಬೇಕು. ಹಿಟ್ಟು ಉಬ್ಬೋಕೆ ಬಿಡ್ತಾರಲ್ಲ, ಹಾಗೆ."

ಕಾದೆವು. ಬೀಜ ಸಿಡಿಯುವ ಸದ್ದು — ಚಟ್, ಚಟ್, ಆಮೇಲೆ ಒಟ್ಟಿಗೇ. ಹದಿನಾರನೇ ನಿಮಿಷ. ಕಾವು ತಡೆಯಲು ನೀರು ಚಿಮ್ಮಿಸಿ ಬಾಗಿಲು ಎತ್ತಿದ. ಕಂದು ಬೀಜ ತಣಿಸುವ ತಟ್ಟೆಗೆ ಸುರಿಯಿತು, ಹಬೆ ಮುಖಕ್ಕೆ ಬಂತು.

ಆ ವಾಸನೆ.

ಕೋಟಿನದ್ದು. ಸಂಜೆ ಬಸ್ಸಿನಲ್ಲಿ ಪಕ್ಕದ ಸೀಟಿನದ್ದು. ಬಿಸ್ಕತ್ತು ಏನೋ ಕೇಳುತ್ತಿದ್ದ, ಕಣ್ಣಿಗೆ ಹಬೆ ಎಂದೆ. ಪುಡಿಯ ಬಣ್ಣ ಅರವತ್ತನಾಲ್ಕು. ಮೇಡಂ ಅದರ ಕಾಫಿ ಒಂದು ಚಮಚ ಬಾಯಿಗೆ ಹಾಕಿಕೊಂಡರು. ಉಗುಳಲಿಲ್ಲ. ನುಂಗಿದರು. ಮತ್ತೊಂದು ಚಮಚ ತೆಗೆದುಕೊಂಡರು.

ಮಾರ್ಚ್ 30, ರಾತ್ರಿ 8.30

ಹೋಟೆಲಿನವರು ಒಪ್ಪಿದ್ದಾರೆ. ಎರಡನೇ ಡ್ರಮ್ಮು ನಡೆಯುತ್ತದೆ. ಬಿಸ್ಕತ್ತು ಊಟದ ಡಬ್ಬಿ ಖಾಲಿ ಮಾಡಿದ, ನನ್ನ ಡಬ್ಬಿಗೂ ಕೈ ಹಾಕಿದ.

ಹೋದ ವರ್ಷದ ಮಾರ್ಚ್ ಶೆಲ್ಫ್ ಖಾಲಿ ಮಾಡಿದೆ. ಅವಳ ಪ್ಯಾಕೆಟ್ಟಿನಲ್ಲಿ ಉಳಿದ ಅರ್ಧವನ್ನೂ ಮೂಟೆಗೆ ಸುರಿದೆ. ಲೇಬಲ್ ಬಿಸ್ಕತ್ತಿನ ನೋಟ್‌ಬುಕ್ಕಿನಲ್ಲಿದೆ, ಅಂಟಿಸಿಕೊಂಡಿದ್ದಾನೆ.

ಹೊಸ ಬ್ಯಾಚಿನದ್ದು ಕಾಲು ಕೆಜಿ ಕೇಳಿ ಪಡೆದು ಮನೆಗೆ ತಂದೆ. ಅತ್ತೆ ಪೊಟ್ಟಣ ಬಿಚ್ಚಿ ಮೂಸಿದರು. "ಬಾಗಿಲು ತೆಗೆದ್ರೆ ಮೊದಲು ಇದು ಒಳಗೆ ಬರ್ತಿತ್ತು. ಆಮೇಲೆ ಅವಳು ಬರ್ತಿದ್ಳು." ಇಬ್ಬರೂ ಬಹಳ ಹೊತ್ತು ಮಾತಾಡಿದೆವು. ಅವಳು ನಿಲ್ಲುತ್ತಿದ್ದ ಜಾಗ ನೋಡಬೇಕಂತೆ ಅವರಿಗೆ. ಮ್ಯಾನೇಜರಿಗೆ ಫೋನ್ ಮಾಡಿ ಕೇಳಿದೆ, ಕರೆದುಕೊಂಡು ಬನ್ನಿ ಎಂದರು.

ಒಳಗೆ ಬರುವವರು ಕೋಟು ಹಾಕಲೇಬೇಕು. ಮನೆಯಲ್ಲೇ ಇದೆ, ಒಗೆದದ್ದು. ಅತ್ತೆಗೆ ತೋಳು ಸ್ವಲ್ಪ ಉದ್ದವಾಗಬಹುದು.

ನಾಳೆ ಮೊದಲ ಬ್ಯಾಚ್ ಏಳೂವರೆಗೆ.