ಬೆಟ್ಟದಿಂದ ತಂದ ಚಿತ್ರಗಳು

ಅಣ್ಣನಿಗೆ,

ಆಪರೇಷನ್ನಿನ ನೋವು ಸ್ವಲ್ಪ ಇಳಿದಿದೆ ಎಂದು ಅತ್ತಿಗೆ ಹೇಳಿದರು. ನಿನ್ನೆ ಫೋನಿನಲ್ಲಿ ನೀನು, "ಅಪ್ಪನ ಸಮಾಧಿ ಮೇಲಿನ ಹುಲ್ಲು ಕೊಯ್ಯೋಕೆ ಸೋಮಾರಿತನ, ತಪ್ಪೆಲ್ಲ ಕಂಪ್ಯೂಟರ್ ಮೇಲೆ ಹಾಕ್ತೀಯೇನೋ ಕಿಬೋಕ್?" ಎಂದೆ. ಹಿರಿಯರನ್ನು ನೆನೆಯುವ ಚುಸೋಕ್ ಹಬ್ಬದೊಳಗೆ, ಹುಲ್ಲು ಕೊಯ್ದ ಸಮಾಧಿಯ ಚಿತ್ರ ನಿನಗೆ ತೋರಿಸಬೇಕೆಂದು ನನಗೂ ಇತ್ತು. ಆದರೆ ಚಿತ್ರದ ಕೆಳಗೆ 'ಕಳುಹಿಸು' ಒತ್ತಿದಾಗಲೆಲ್ಲ ನಾನೆಂದೂ ಬಳಸದ ಒಂದು ಮೇಲ್ ಪ್ರೋಗ್ರಾಂ ತೆರೆದು, ಪಾಸ್‌ವರ್ಡ್ ಕೇಳಿ, ಮುಚ್ಚಿಕೊಳ್ಳುತ್ತಿತ್ತು. ನಾವು ಹೇಳದಿದ್ದರೆ ಕಂಪ್ಯೂಟರು ತಾನಾಗಿ ಅದನ್ನೇ ಆರಿಸಿಕೊಳ್ಳುತ್ತದಂತೆ. ಇವತ್ತು ಸೆಟ್ಟಿಂಗ್ಸ್ ತಡಕಾಡಿ, ದಿನವೂ ಬಳಸುವುದನ್ನು ಆ ಜಾಗದಲ್ಲಿ ಇಟ್ಟೆ. ಈ ಮೇಲ್ ತಲುಪಿದರೆ ಅದು ಸರಿಹೋಗಿದೆ ಎಂದುಕೋ.

ಆಗಲೇ ಒಕ್‌ನಾಮ್ ಚಿತ್ರವನ್ನು ದೊಡ್ಡದು ಮಾಡಿ ನೋಡಿದಳು. "ರೀ, ಮಾವನವರ ಹಿಂದೆ ಪೈನ್ ಮರ ಇತ್ತಲ್ವಾ? ಇಲ್ಲಿರೋದು ಓಕ್. ಯಾರಪ್ಪನಿಗೆ ಕ್ಷೌರ ಮಾಡಿ ಬಂದ್ರಿ?" ಎಂದಳು.

ಅವಳು ಹೇಳಿದ್ದು ನಿಜ. ಹೆಸರಿನ ಕಲ್ಲಿಲ್ಲದ ಸಮಾಧಿ ದಿಬ್ಬಗಳೆಲ್ಲ ನನಗೆ ಒಂದೇ ಥರ ಕಂಡವು. ಎಡೆಗೆಂದು ಒಯ್ದ ಸೋಜು ಮದ್ಯ ಸುರಿದು, ಎರಡು ಸಲ ಅಡ್ಡಬಿದ್ದು ಬಂದಿದ್ದೆ. ಆದರೂ ಚಿತ್ರ ಕಳಿಸುತ್ತಿದ್ದೇನೆ. ಬೆಟ್ಟ ಹತ್ತಿದ್ದಂತೂ ಸುಳ್ಳಲ್ಲ.

ಭಾನುವಾರ ಮತ್ತೆ ಹತ್ತುತ್ತೇನೆ. ಇಷ್ಟು ವರ್ಷ ನೀನು ಮುಂದೆ ನಡೆಯುತ್ತಿದ್ದೆ, ನಾನು ನಿನ್ನ ಬೆನ್ನು ನೋಡಿಕೊಂಡು ಬರುತ್ತಿದ್ದೆ; ದಾರಿ ನೋಡಿರಲಿಲ್ಲ. ತೊರೆ ದಾಟಿದ ಮೇಲೆ ಎಲ್ಲಿ ತಿರುಗಬೇಕೆಂದು ಬರೆ. ಕೈ ನಡುಗಿದರೆ ಅತ್ತಿಗೆಯಿಂದ ಬರೆಸು. ಮುಂದಿನ ವರ್ಷ ನೀನೇ ಬರುತ್ತೀಯ, ಆದರೂ ಬರೆ.

ನಿನ್ನ ತಮ್ಮ,
ಕಿಬೋಕ್