ಅಣ್ಣನ ಹೊಟ್ಟೆಯ ಕಪ್ಪು ಬಳೆ

ಏಪ್ರಿಲ್ ೭, ಸೋಮವಾರ

ಹೋಟೆಲಿನ ಇಡ್ಲಿ ಹಿಟ್ಟು ಉಬ್ಬಿರಲಿಲ್ಲ. ಸಿಟ್ಟಿಗೆ ಗ್ರೈಂಡರಿಗೆ ಒದ್ದೆ, ಕಾಲುಗುರು ಕಿತ್ತುಬಂತು. ಕುಂಟುತ್ತಲೇ ರಘುರಾಮಣ್ಣನನ್ನು ಇಲ್ಲೇ ಮದ್ರಾಸಿನ ಪೋರೂರಿನ ಆಸ್ಪತ್ರೆಗೆ ಕರೆದೊಯ್ದೆ. ಹೊಟ್ಟೆಯ ಕ್ಯಾನ್ಸರ್. ಡಾಕ್ಟರ್ ಸಿಟಿ ಸ್ಕ್ಯಾನ್ ತೋರಿಸಿದರು. ಚರ್ಮದ ಕೆಳಗೆ ಸುತ್ತಲೂ ಕಪ್ಪು ಬಳೆ — ಅದು ಕೊಬ್ಬು. ಜನವರಿಯಲ್ಲಿ ಹೆಬ್ಬೆರಳು ದಪ್ಪ ಇತ್ತು, ಈಗ ಕಿರುಬೆರಳಷ್ಟೂ ಇಲ್ಲ. ಅದೂ ಕರಗಿದರೆ ಆಪರೇಷನ್ ತಡೆದುಕೊಳ್ಳುವುದು ಕಷ್ಟವಂತೆ. ಒಂದು ತಿಂಗಳು ಚೆನ್ನಾಗಿ ತಿನ್ನಿಸಿ ಎಂದರು.

ಗಿರಾಕಿಗಳ ಎದುರಿಗೇ ಅವನನ್ನು ಗುಡಾಣ ಎಂದು ಕರೆದವನು ನಾನು. ನಾಲಿಗೆ ಕಿತ್ತು ಬಿಸಾಡಬೇಕು ಅನ್ನಿಸಿತು.

ಏಪ್ರಿಲ್ ೧೯

ದಿನಕ್ಕೆ ಐದು ಸಲ ಕಳಿಸುತ್ತೇನೆ — ತುಪ್ಪದ ಪೊಂಗಲ್, ಮೊಸರನ್ನ, ಬಾದಾಮಿ ಹಾಲು. ತಟ್ಟೆ ಖಾಲಿಯಾಗಿಯೇ ಬರುತ್ತದೆ. ತೂಕ ಮಾತ್ರ ಎರಡು ಕಿಲೋ ಇಳಿದಿದೆ. ತಿಂದದ್ದೆಲ್ಲ ಎಲ್ಲಿ ಹೋಗುತ್ತಿದೆ...

ಏಪ್ರಿಲ್ ೨೪, ಮಧ್ಯಾಹ್ನ

ಸಿಕ್ಕಿತು. ಅವನ ಕೋಣೆಯಲ್ಲಿ ಇರುವೆ ಸಾಲು. ಮಂಚದಡಿ, ಪ್ಲಾಸ್ಟಿಕ್ ಕವರಿನಲ್ಲಿ ನಿನ್ನೆಯ ಪೊಂಗಲ್, ಹಳಸಿತ್ತು.

"ಹರಕೆ ಹೊತ್ತದ್ದು ಮಾರಾಯ. ಆಪರೇಷನ್ ಆಗುವವರೆಗೆ ಒಪ್ಪೊತ್ತು ಊಟ. ಇವತ್ತು ಏಕಾದಶಿ, ನೀರೂ ಇಲ್ಲ. ಕೃಷ್ಣನಿಗೆ ಮಾತು ಕೊಟ್ಟಾಗಿದೆ."

ಹೊಡೆದೆ. ಹೆಗಲ ಮೇಲೆ ಹೊತ್ತು ನನಗೆ ಮದ್ರಾಸು ತೋರಿಸಿದ ಅಣ್ಣನ ಕೆನ್ನೆಗೆ. ಕನ್ನಡಕ ಹಾರಿ ಒಡೆಯಿತು. ಎದೆಗೆ ಮೊಣಕಾಲು ಊರಿ, ದವಡೆ ಬಿಡಿಸಿ, ಆಗಷ್ಟೇ ತಂದಿದ್ದ ಮೊಸರನ್ನ ತುರುಕಿದೆ. ಬೆರಳು ಕಚ್ಚಿದ, ಮೂಳೆಗೆ ತಾಗುವ ಹಾಗೆ. ನಾನು ಬಿಡಲಿಲ್ಲ. ಅನ್ನದಲ್ಲಿದ್ದ ರಕ್ತ ಯಾರದೋ ತಿಳಿಯಲಿಲ್ಲ.

ಅವನ ಮಗಳು ವೀಕ್ಷಾ ನನ್ನ ಕೂದಲು ಹಿಡಿದು ಎಳೆದಳು. "ಚಿಕ್ಕಪ್ಪಾ, ವಿಡುಂಗೋ... ಅಪ್ಪಾ ಸೆತ್ತುಡುವಾರು." ಬಿಡಿ, ಅಪ್ಪ ಸತ್ತೇಹೋಗುತ್ತಾರೆ ಎಂದು ತಮಿಳಿನಲ್ಲಿ ಚೀರಿದಳು.

ನುಂಗಿದ. ಅತ್ತ. ನಾನೂ ಅತ್ತೆ.

ಏಪ್ರಿಲ್ ೨೬

ಬೆರಳಿಗೆ ಬ್ಯಾಂಡೇಜ್. ನಾಯಿಯಾ ಎಂದು ನರ್ಸ್ ಕೇಳಿದಳು. ಹೌದು ಎಂದೆ.

ಅಣ್ಣ ತಾನೇ ತಟ್ಟೆ ಎಳೆದುಕೊಂಡ. "ಕೃಷ್ಣನ ಹತ್ರ ನಾನು ಮಾತಾಡ್ತೇನೆ. ನೀನು ಹೊಡೀಬೇಡ ಶ್ರೀಶ, ಆಯ್ತಾ?"

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಮೇ ೭, ಸಂಜೆ, ಆಸ್ಪತ್ರೆ

ಒಂದೂವರೆ ಕಿಲೋ ಏರಿದೆ. ನಾಳೆ ಆಪರೇಷನ್. ನಾಲ್ಕು ಗಂಟೆಯಾದರೂ ಹಿಡಿಯುತ್ತದಂತೆ. ಒಳಗೆ ಹರಡಿದ್ದು ಕಂಡರೆ ಮಾತ್ರ ಏನೂ ಮಾಡದೆ ಹೊಲಿದು ಬೇಗ ಹೊರಗೆ ತರುತ್ತಾರಂತೆ. ಬೆಳಿಗ್ಗೆ ನೀರೂ ಕೊಡಬೇಡಿ ಎಂದರು.

ಅಣ್ಣ ನಕ್ಕ. "ನಾಳೆ ಏಕಾದಶಿ ಮಾರಾಯ. ಈ ಡಾಕ್ಟರಿಗೂ ಹೊಡೀತಿಯಾ?"

ಮೇ ೮

೮:೧೦ — ಒಳಗೆ ಕರೆದೊಯ್ದರು. ಇವತ್ತು ನಾನೂ ನೀರು ಮುಟ್ಟಿಲ್ಲ.

೮:೩೫ — ಬೆರಳಿನ ಗಾಯದ ಹಕ್ಕಳೆ ಕಿತ್ತುಕೊಂಡೆ. ರಕ್ತ ಬಂತು. ವೀಕ್ಷಾ ಟಿಶ್ಯೂ ಕೊಟ್ಟಳು.

೮:೫೫ — ಬಾಗಿಲು ತೆರೆಯಿತು. ನಮ್ಮ ಡಾಕ್ಟರೇ. ಇಷ್ಟು ಬೇಗ ಯಾಕೆ