ಟಿಣ್ ಎನ್ನದ ಡಾಕ್ಟರು

ಮಾನ್ಯ ನಿರ್ದೇಶಕರೇ,

ವಯಸ್ಕರಿಗೆ ಇಂಗ್ಲಿಷ್ ಕಲಿಸುವ ಇಲಾಖೆಯ ದೊಡ್ಡ ಕುರ್ಚಿಯಲ್ಲಿ ಕೂತಿರುವ ತಾವು, ಗ್ರಂಥಾಲಯದ ಹಿಂಬದಿ ಕೋಣೆಯಲ್ಲಿ ನಡೆಯುತ್ತಿದ್ದ ನಮ್ಮ ತರಗತಿಯನ್ನು ನಿಲ್ಲಿಸಿದಿರಿ. ನಮ್ಮ ಟೀಚರನ್ನು ಮನೆಗೆ ಕಳಿಸಿ, ಆ ಜಾಗದಲ್ಲಿ ಕಂಪ್ಯೂಟರುಗಳನ್ನು ಕೂರಿಸಿದಿರಿ. ಅದರ ಫಲವಾಗಿ ನನ್ನ ಅತ್ತಿಗೆ ಬಾಯಿದ್ದೂ ಮೂಕಿಯಾದರು, ನನ್ನ ಅಣ್ಣ ಆಸ್ಪತ್ರೆಯ ಮಂಚ ಹಿಡಿದರು. ದೂರು ಇಷ್ಟೇ. ಉಳಿದದ್ದೆಲ್ಲ ವಿವರ.

ಇದನ್ನು ತಮಗೆ ತಿಳಿಯುವ ಭಾಷೆಯಲ್ಲಿ ಬರೆಯಬೇಕಿತ್ತು, ಒಪ್ಪುತ್ತೇನೆ. ಆದರೆ ಅಧಿಕಾರಿಗಳಿಗೆ ಪತ್ರ ಬರೆಯುವ ಪಾಠ ನಮ್ಮ ಪುಸ್ತಕದ ಕೊನೆಯಲ್ಲಿತ್ತು. ಅಲ್ಲಿಗೆ ಮುಟ್ಟುವ ಮೊದಲೇ ತಾವು ಬಾಗಿಲು ಹಾಕಿಸಿದಿರಿ. ಹಾಗಾಗಿ ನಮ್ಮವರ ಈ ಪುಟ್ಟ ಪತ್ರಿಕೆಯಲ್ಲಿ, ನನಗೆ ಬರುವ ಭಾಷೆಯಲ್ಲಿ ಬರೆಯುತ್ತಿದ್ದೇನೆ. ತಮಗೆ ಅರ್ಥವಾಗುವ ಭಾಷೆಯಲ್ಲೇ ಬರೆದವರಿಗೆ ತಮ್ಮಿಂದ ಯಾವ ಉತ್ತರ ಬಂತೆಂದು ವಿಚಾರಿಸಿ ನೋಡಿದೆ. ಆಮೇಲೆ ನನಗೆ ಹೆಚ್ಚಿನ ನಷ್ಟವೇನೂ ಕಾಣಲಿಲ್ಲ.

ಮೊದಲು ನನ್ನ ಯೋಗ್ಯತೆ ಹೇಳಿಬಿಡುತ್ತೇನೆ. ಹಳ್ಳಿಶಾಲೆಯಲ್ಲಿ ಓದಿದವನು ನಾನು. ನಮ್ಮ ಮೇಷ್ಟ್ರು ನನ್ನನ್ನು ನೋಡಿ, ಇವನು ಒಂದೋ ಮಂತ್ರಿಯಾಗುತ್ತಾನೆ, ಇಲ್ಲವೇ ಜೈಲು ಸೇರುತ್ತಾನೆ ಎಂದಿದ್ದರು. ಎರಡೂ ಆಗದೆ, ಅಣ್ಣನ ಬೆನ್ನಿಗೆ ಕಡಲು ದಾಟಿ ತಮ್ಮ ಈ ದೇಶಕ್ಕೆ ಬಂದು ಹೋಟೆಲುಗಳ ಬಟ್ಟೆ ಒಗೆಯುವ ಲಾಂಡ್ರಿ ಸೇರಿದೆ. ಅಲ್ಲಿ ಇಸ್ತ್ರಿ ಯಂತ್ರದ ಮುಂದೆ ನನ್ನ ಸಮ ನಿಲ್ಲುವವರಿರಲಿಲ್ಲ. ಬೇಕಾದರೆ ಯಾರನ್ನಾದರೂ ಕೇಳಿ. ಅಣ್ಣ ಬಸ್ ಡಿಪೋದಲ್ಲಿ ಬಣ್ಣ ಬಳಿಯುತ್ತಿದ್ದರು. ಇಬ್ಬರೂ ನಮ್ಮವರ ನಡುವೆಯೇ ದುಡಿದೆವು, ನಮ್ಮ ಮಾತಿನಲ್ಲೇ ಜಗಳವಾಡಿದೆವು, ನಮ್ಮ ಮಾತಿನಲ್ಲೇ ರಾಜಿಯಾದೆವು. ನನ್ನ ಇಂಗ್ಲಿಷ್ ಲಾಂಡ್ರಿಯ ಇಂಗ್ಲಿಷ್: ಬಿಸಿ, ತಣ್ಣಗೆ, ಕಲೆ, ನಾಳೆ ಬಾ. ಇಷ್ಟು ಬಂಡವಾಳದಲ್ಲಿ ಒಂದು ಜೀವಮಾನ ಕಳೆದೆ ಎಂಬ ಹೆಮ್ಮೆ ನನಗಿದೆ.

ಹೆಮ್ಮೆ ಮುರಿದದ್ದು ಅಣ್ಣನಿಗೆ ಲಕ್ವ ಹೊಡೆದಾಗ. ಬಲಗೈ ಹೋಯಿತು, ಅದರ ಜೊತೆಗೆ ಮಾತೂ ಹೋಯಿತು. ಅವರಿಗೆ ಮಕ್ಕಳಿಲ್ಲ, ನಾನು ಮದುವೆಯೇ ಆಗದವನು. ಇನ್ನು ಅಣ್ಣನ ನಾಲಿಗೆಯಾಗಬೇಕಾದವರು ಅತ್ತಿಗೆ. ಅವರೋ, ಪಕ್ಕದ ಮನೆಯ ಬಾಗಿಲು ತಟ್ಟಲೂ ನಾಚುವವರು. ಆಸ್ಪತ್ರೆಯ ನರ್ಸು ಹೇಳಿಕಳಿಸಿದ್ದರಿಂದ ಅವರನ್ನು ಈ ತರಗತಿಗೆ ಸೇರಿಸಿದೆ. ಅವರಿಗೆ ಧೈರ್ಯವಿರಲಿ ಎಂದು ನಾನೂ ಸೇರಿದೆ. ಕಲಿಯುವುದು ನನಗೇನೂ ಇರಲಿಲ್ಲ ಎಂದೇ ಆಗ ತಿಳಿದಿದ್ದೆ.

ನಾವು ಕಲಿತ ರೀತಿಯನ್ನು ತಾವು ಕಣ್ಣಾರೆ ನೋಡಬೇಕಿತ್ತು. ಹಳ್ಳಿಯಲ್ಲಿ ನಾನು ಇಂಗ್ಲಿಷ್ ಕಲಿತದ್ದು ಭಜನೆಯ ಹಾಗೆ: ಮೇಷ್ಟ್ರು ಒಂದು ಸಾಲು, ಹಿಂದೆ ನಾವೆಲ್ಲ ಅದೇ ಸಾಲು, ಅರ್ಥ ಕೇಳಿದವನಿಗೆ ಬೆತ್ತ. ಇಲ್ಲಿಯ ಟೀಚರು, ನನ್ನ ಸೋದರ ಸೊಸೆಯ ವಯಸ್ಸಿನ ಹುಡುಗಿ, ಮೊದಲ ದಿನವೇ ಮೇಜುಗಳನ್ನೆಲ್ಲ ಗೋಡೆಗೆ ದೂಡಿಸಿದರು. ಇಬ್ಬಿಬ್ಬರನ್ನು ಬೆನ್ನಿಗೆ ಬೆನ್ನು ಕೊಟ್ಟು ಕೂರಿಸಿ, ಒಂದೇ ಚಿತ್ರದ ಅರ್ಧ ಇವನ ಕೈಗೆ, ಇನ್ನರ್ಧ ಅವನ ಕೈಗೆ ಕೊಟ್ಟರು. ನಿನ್ನ ಕಡೆ ಏನಿದೆ ಎಂದು ಇವನು ಕೇಳಬೇಕು, ಅವನು ಹೇಳಬೇಕು, ಇವನು ಆ ಚಿತ್ರ ಬರೆಯಬೇಕು. ಟೀಚರು ಮಾತ್ರ ಬಾಯಿ ಬಿಡುವುದಿಲ್ಲ. ನನಗೆ ಜೊತೆಯಾದವನು ಯಾವುದೋ ಬೇರೆ ದೇಶದ ಬಡಗಿ. ಅವನ ಭಾಷೆ ನನಗೆ ತಿಳಿಯದು, ನನ್ನದು ಅವನಿಗೆ ತಿಳಿಯದು. ಇಬ್ಬರ ನಡುವೆ ಇದ್ದದ್ದು ಹರಕು ಇಂಗ್ಲಿಷ್ ಒಂದೇ. ನನ್ನ ಕಡೆ ಒಂದು ಕುದುರೆಯಿತ್ತು. ಅವನು ಕೇಳಿಸಿಕೊಂಡು ಬರೆದದ್ದು ನಾಲ್ಕು ಕಾಲಿನ ಮೇಜು, ಅದಕ್ಕೊಂದು ಬಾಲ. ಬಡಗಿಯಲ್ಲವೇ. ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು. ಆದರೆ ಮಾರನೆಯ ವಾರ ಅವನು ಕುದುರೆಯನ್ನೇ ಬರೆದ, ಸವಾರನ ಸಮೇತ.

ಅತ್ತಿಗೆ ಮಾತ್ರ ವಾರಗಟ್ಟಲೆ ತುಟಿ ಬಿಚ್ಚಲಿಲ್ಲ. ಟೀಚರು ಒತ್ತಾಯ ಮಾಡಲಿಲ್ಲ. ಒಂದು ದಿನ ಆಸ್ಪತ್ರೆಯ ಆಟವಿಟ್ಟರು. ಒಬ್ಬ ಕ್ಷೌರಿಕ ನಮ್ಮೊಡನೆ ಕಲಿಯುತ್ತಿದ್ದ, ಗತ್ತಿನ ಮನುಷ್ಯ, ಅವನು ಡಾಕ್ಟರು. ಕುರ್ಚಿಯ ಮೇಲೆ ಹೊದಿಸಿದ ಕೋಟು ರೋಗಿ. ಅತ್ತಿಗೆ ರೋಗಿಯ ಹೆಂಡತಿ. ಕ್ಷೌರಿಕನು ತಾನು ಕಂಡ ಡಾಕ್ಟರುಗಳನ್ನೆಲ್ಲ ನೆನೆಸಿಕೊಂಡು ಜೋರಾಗಿ ಶುರುಮಾಡಿದ: ಎಲ್ಲಿ ನೋವು ಎಂದು ಕೇಳಿದವನೇ, ಉತ್ತರಕ್ಕೆ ಕಾಯದೆ ಚೀಟಿ ಬರೆಯತೊಡಗಿದ. ಅತ್ತಿಗೆ ಅವನ ಕೈಯನ್ನೇ ನೋಡುತ್ತಿದ್ದರು. ನೋಡುತ್ತ ನೋಡುತ್ತ ಕೈಚಾಚಿ ಆ ಚೀಟಿಯ ಮೇಲೆ ಅಂಗೈ ಇಟ್ಟುಬಿಟ್ಟರು.

"ಸ್ಟಾಪ್" ಎಂದರು. "ಯು ಲಿಸನ್. ಮೈ ಹಸ್ಬೆಂಡ್."

ಕ್ಷೌರಿಕ ಪೆನ್ನು ಕೆಳಗಿಟ್ಟು, ನಿಜವಾದ ಡಾಕ್ಟರಿಗಿಂತ ವಿನಯದಿಂದ, ಹೇಳಿ ಅಮ್ಮಾ ಎಂಬಂತೆ ಕೈಕಟ್ಟಿ ಕೂತ. ಅತ್ತಿಗೆ ಹೇಳಿದರು. ತಪ್ಪುತಪ್ಪಾಗಿ, ತಡೆತಡೆದು, ಆದರೆ ಕೊನೆಯವರೆಗೂ ಹೇಳಿದರು: ರಾತ್ರಿ ನಿದ್ದೆಯಿಲ್ಲ, ಕಾಲು ಊದುತ್ತದೆ, ಈ ಮಾತ್ರೆ ಬೇಡ, ಇದು ಕೊಟ್ಟರೆ ಮೈಯೆಲ್ಲ ತುರಿಕೆ. ಟೀಚರು ಕಿಟಕಿಯ ಕಡೆ ತಿರುಗಿ ನಿಂತಿದ್ದರು. ಮುಖ ಯಾಕೆ ತಿರುಗಿಸಿದರೆಂದು ನಾನು ಕೇಳಲಿಲ್ಲ. ನನ್ನ ಮುಖವೂ ಆ ಹೊತ್ತಿಗೆ ತೋರಿಸುವಂತಿರಲಿಲ್ಲ.

ಇನ್ನು ತಮ್ಮ ಪಾತ್ರಕ್ಕೆ ಬರುತ್ತೇನೆ. ತಾವು ಒಬ್ಬ ತಪಾಸಕರನ್ನು ಕಳಿಸಿದಿರಿ. ಅವರು ಮೂಲೆಯಲ್ಲಿ ಕೂತು ನೋಡಿದರು. ಅವರಿಗೆ ಕಂಡದ್ದೇನು? ವಯಸ್ಸಾದವರು ಚೆಂಡು ಎಸೆದುಕೊಂಡು ಪ್ರಶ್ನೆ ಕೇಳುತ್ತಿದ್ದಾರೆ, ನಗುತ್ತಿದ್ದಾರೆ, ಒಬ್ಬರ ತಪ್ಪನ್ನು ಇನ್ನೊಬ್ಬರು ಕಲಿಯುತ್ತಿದ್ದಾರೆ. ಟೀಚರು ಸುಮ್ಮನೆ ನಿಂತಿದ್ದಾರೆ. ಕೊನೆಗೆ ನಮ್ಮನ್ನು ಕೇಳಿದರು, ನಿಮ್ಮ ಟೀಚರು ತರಗತಿಯಲ್ಲಿ ಏನು ಮಾಡುತ್ತಾರೆ ಎಂದು. ಬಡಗಿ ಎದೆಯುಬ್ಬಿಸಿ ಎದ್ದುನಿಂತು ಹೇಳಿದ: ಅವರು ಏನೂ ಮಾಡುವುದಿಲ್ಲ, ಎಲ್ಲ ನಾವೇ ಮಾಡುತ್ತೇವೆ. ನಾವೆಲ್ಲ ಹೌದು ಹೌದೆಂದು ತಲೆಯಾಡಿಸಿದೆವು. ನಮ್ಮ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ ಸ್ವಾಮಿ. ಈಜು ಕಲಿಸುವವನು ದಡದಲ್ಲಿ ನಿಲ್ಲದೆ, ಕಲಿಯುವವನ ಬದಲು ತಾನೇ ಈಜುತ್ತಾನೆಯೇ? ತಪಾಸಕರು ಆ ಹೊಗಳಿಕೆಯನ್ನು ದೂರೆಂದು ಬರೆದುಕೊಂಡು ಹೋದರು. ಕೆಲವೇ ದಿನಗಳಲ್ಲಿ ಟೀಚರಿಗೆ, ತಮ್ಮ ಸೇವೆ ಸಾಕು ಎಂಬ ಆದೇಶ ಬಂತು. ಅವರು ಹೋಗುವಾಗ ಆ ಚೆಂಡನ್ನು ಬಡಗಿಯ ಕೈಗೆ ಕೊಟ್ಟರು. ಆ ಮನುಷ್ಯ ಅದನ್ನು ಹಿಡಿದುಕೊಂಡು, ನಾನು ಒಳ್ಳೆಯದನ್ನೇ ಹೇಳಿದೆನಲ್ಲ ಎಂದು ಒಬ್ಬೊಬ್ಬರನ್ನೇ ಕೇಳುತ್ತಿದ್ದ.

ಆಮೇಲೆ ಬಂತು ತಮ್ಮ ಕಂಪ್ಯೂಟರು. ಬಾಗಿಲಿಗೆ ಫಲಕ ಹಾಕಿಸಿದಿರಿ: ಇನ್ನು ಮುಂದೆ ಸಂಪೂರ್ಣ ಇಂಟರಾಕ್ಟಿವ್ ಕಲಿಕೆ. ಒಬ್ಬೊಬ್ಬರಿಗೂ ಒಂದೊಂದು ಗೂಡು, ಅತ್ತಿತ್ತ ನೋಡದಂತೆ ಹಲಗೆಯ ಮರೆ, ಕಿವಿಗೆ ಹೆಡ್‌ಫೋನು. ಮಾತು ಬಂದ ಮನುಷ್ಯರನ್ನೆಲ್ಲ ಬಿಡಿಸಿ ಕೂರಿಸುವುದಕ್ಕೆ ಇಂಟರಾಕ್ಟಿವ್ ಎನ್ನುತ್ತಾರೆಂದು ನನ್ನ ಹಳ್ಳಿಯ ಬುದ್ಧಿಗೆ ಗೊತ್ತಿರಲಿಲ್ಲ. ಪರದೆಯ ಮೇಲೊಬ್ಬ ನಗುಮುಖದವಳು ಪ್ರಶ್ನೆ ಕೇಳುತ್ತಾಳೆ. ತಕ್ಷಣ ಉತ್ತರಿಸಿದರೆ ತಪ್ಪು. ಟಿಣ್ ಎಂಬ ಸದ್ದು ಬರಬೇಕು, ಆಮೇಲೆ ಮಾತಾಡಬೇಕು. ಟಿಣ್‌ಗಿಂತ ಮೊದಲು ಬಾಯಿಬಿಟ್ಟರೆ ಪರದೆ ಕೆಂಪಗಾಗುತ್ತದೆ. ಟಿಣ್ ಆದಮೇಲೆ ಏನು ಹೇಳಿದರೂ ಅದಕ್ಕೆ ಚಿಂತೆಯಿಲ್ಲ. ನಾನು ಪರೀಕ್ಷೆ ಮಾಡಿಯೇ ನೋಡಿದೆ: ನಮ್ಮ ಮೇಷ್ಟ್ರು ನನಗೆ ಬೈಯುತ್ತಿದ್ದ ಬೈಗುಳವನ್ನು ಅಪ್ಪಟ ಕನ್ನಡದಲ್ಲಿ, ಅದೇ ರಾಗದಲ್ಲಿ ಒಪ್ಪಿಸಿದೆ. ಎಕ್ಸಲೆಂಟ್ ಎಂದಿತು. ಅದು ಹೋಟೆಲ್ ಕೋಣೆ ಕಾದಿರಿಸುವ ಪಾಠ, ಅದರಲ್ಲಿ ನಾನೇ ಮೊದಲಿಗ. ಕಲಿಕಾರ್ಥಿಗಳ ಪ್ರಗತಿ ಗಣನೀಯವಾಗಿದೆ ಎಂದು ತಾವು ವರದಿ ಮಾಡಿದ್ದೀರಂತೆ. ಅದರಲ್ಲಿ ನನ್ನ ಮೇಷ್ಟ್ರ ಪಾಲೂ ಇದೆ, ಮರೆಯಬೇಡಿ.

ಅತ್ತಿಗೆ ನನ್ನಂತೆ ಕಿಡಿಗೇಡಿಯಲ್ಲ. ಹೇಳಿದ್ದನ್ನು ಹೇಳಿದ ಹಾಗೆ ಮಾಡುವವರು. ದಿನವೂ ಹೋಗಿ, ಬೆನ್ನು ನೆಟ್ಟಗೆ ಮಾಡಿ ಕೂತು, ಟಿಣ್ ಎನ್ನುವವರೆಗೆ ತುಟಿ ಬಿಗಿಹಿಡಿದು, ಟಿಣ್ ಆದಕೂಡಲೇ ಹೇಳಿ ಕಲಿತರು. ಒಂದು ಸಲವೂ ಪರದೆ ಕೆಂಪಾಗಲಿಲ್ಲ. ಎಲ್ಲ ಪಾಠಗಳಿಗೂ ಹಸಿರು ಗುರುತು.

ಅಣ್ಣನನ್ನು ಡಾಕ್ಟರಿಗೆ ತೋರಿಸುವ ದಿನ ಬಂತು. ರೋಗಿಯ ಜೊತೆ ಒಬ್ಬರಿಗೆ ಮಾತ್ರ ಪ್ರವೇಶ. ನಾನು ಹೊರಗೆ ಬೆಂಚಿನ ಮೇಲೆ ಕೂತೆ. ಕೆಲವು ದಿನಗಳಿಂದ ಅಣ್ಣ ನೀರು ಕುಡಿದರೆ ಕೆಮ್ಮುತ್ತಿದ್ದರು, ಗಂಟಲಲ್ಲಿ ಸಿಕ್ಕಿಕೊಂಡು ಕಣ್ಣು ಕೆಂಪಗಾಗುತ್ತಿತ್ತು. ಅತ್ತಿಗೆ ಅದನ್ನು ಹೇಳಲೇಬೇಕೆಂದು ಬಸ್ಸಿನುದ್ದಕ್ಕೂ ಗುನುಗಿಕೊಂಡು ಬಂದಿದ್ದರು. ಮಾತು ಸರಿಯಾಗಿತ್ತು, ನಾನೇ ಕೇಳಿದ್ದೆ. ಒಳಗೆ ಹೋದವರು ಬೇಗನೆ ಹೊರಗೆ ಬಂದರು, ಹಳೆಯ ಮಾತ್ರೆಗಳ ಚೀಟಿಯೇ ಕೈಯಲ್ಲಿತ್ತು. ಹೇಳಿದಿರಾ ಎಂದು ಕೇಳಿದೆ. ಬಸ್ಸು ಹತ್ತಿ ಕೂತ ಮೇಲೆ ಕಿಟಕಿ ನೋಡುತ್ತ ಹೇಳಿದರು.

"ಊಟ ತಿಂಡಿ ಹೇಗಿದೆ ಅಂತ ಕೇಳಿದ್ರು ಕಣೋ. ನನಗೆ ಎಲ್ಲ ಬಾಯಲ್ಲೇ ಇತ್ತು. ಕಾಯ್ತಾ ಕೂತೆ. ಟಿಣ್ ಅನ್ಲಿ ಅಂತ."

ಡಾಕ್ಟರು ಟಿಣ್ ಎನ್ನಲಿಲ್ಲ ನಿರ್ದೇಶಕರೇ. ಡಾಕ್ಟರುಗಳು ಎನ್ನುವುದಿಲ್ಲ. ಅವರು ಒಂದು ಕ್ಷಣ ನೋಡಿದರು, ಹೇಳುವುದೇನೂ ಇಲ್ಲವೆಂದುಕೊಂಡರು, ಹಾಳೆ ಮಗುಚಿದರು. ನನಗೆ ನಗು ಬಂದಿತ್ತು, ಹಾಳು ಬಾಯಿ, ಯಾವುದಕ್ಕೂ ಮೊದಲು ನಗುವುದೇ ಅದರ ಗುಣ. ಅತ್ತಿಗೆಯ ಕೈ ನೋಡಿದೆ. ಮಡಿಲಲ್ಲಿ ಎರಡೂ ಕೈಗಳನ್ನು ಜೋಡಿಸಿ, ಕಂಪ್ಯೂಟರಿನ ಗೂಡಿನಲ್ಲಿ ಕೂರುವ ಹಾಗೆಯೇ ಕೂತಿದ್ದರು. ನಗು ಅಲ್ಲೇ ಸತ್ತಿತು. ಮಾತು ಆಡಿದರೆ ಹೋಯಿತು ಎಂದು ನಮ್ಮ ಹಿರಿಯರು ಗಾದೆ ಕಟ್ಟಿದ್ದಾರೆ. ಆಡದೆ ಹೋದ ಮಾತು ಏನೇನು ಕೊಂಡೊಯ್ಯುತ್ತದೆಂದು ಅವರು ಹೇಳಿಲ್ಲ. ಆ ವಾರವೇ ಅಣ್ಣ ಕುಡಿದ ನೀರು ಶ್ವಾಸಕೋಶಕ್ಕೆ ಇಳಿಯಿತು.

ಈಗ ಅಣ್ಣ ವಾರ್ಡಿನಲ್ಲಿದ್ದಾರೆ. ಮೂಗಿನಲ್ಲಿ ನಳಿಕೆ. ಜೀವಕ್ಕೆ ಅಪಾಯವಿಲ್ಲ ಎನ್ನುತ್ತಾರೆ. ಆದರೆ ಸೋಮವಾರ ಒಂದು ಸಭೆಯಿದೆ. ಅಣ್ಣನನ್ನು ಮನೆಗೆ ಕಳಿಸುವುದೋ, ಊರಾಚೆಯ ಆರೈಕೆ ಕೇಂದ್ರಕ್ಕೆ ಸೇರಿಸುವುದೋ ಎಂದು ಅಲ್ಲಿ ತೀರ್ಮಾನ. ಮನೆಯಲ್ಲಿ ಹೇಗೆ ಉಣಿಸುತ್ತೀರಿ, ಕೆಮ್ಮಿದರೆ ಏನು ಮಾಡುತ್ತೀರಿ, ಯಾರನ್ನು ಕರೆಯುತ್ತೀರಿ ಎಂದು ಹೆಂಡತಿಯನ್ನೇ ಕೇಳುತ್ತಾರೆ. ದುಭಾಷಿ ಬೇಕೆಂದು ಬೇಡಿದೆವು, ನಿಮ್ಮ ಭಾಷೆಯವರು ಸದ್ಯಕ್ಕೆ ಇಲ್ಲ ಎಂದರು. ಈ ಸಲ ನನಗೂ ಒಳಗೆ ಪ್ರವೇಶವಿದೆ. ಹೋಗಿ ಏನು ಹೇಳಲಿ? ಬಿಸಿ, ತಣ್ಣಗೆ, ಕಲೆ? ಅಣ್ಣನ ಗಂಟಲಿನ ಒಂದೊಂದು ಗುಟುಕೂ ಗೊತ್ತಿರುವುದು ಅತ್ತಿಗೆಗೆ. ಅವರು ಸುಮ್ಮನೆ ಕೂತರೆ, ಈಕೆಗೆ ನೋಡಿಕೊಳ್ಳಲು ಬಾರದು ಎಂದು ಬರೆದುಕೊಳ್ಳುತ್ತಾರೆ. ಬರೆದುಕೊಳ್ಳುವವರ ರೀತಿ ನಾವು ಒಮ್ಮೆ ಕಂಡಿದ್ದೇವೆ.

ಮನೆಯಲ್ಲೇ ತಾಲೀಮು ಮಾಡಿಸೋಣವೆಂದು ನಿನ್ನೆ ಅಡುಗೆಮನೆಯ ಮೇಜಿನ ಮುಂದೆ ನಾನೇ ಡಾಕ್ಟರಾಗಿ ಕೂತೆ. ಬಿಳಿ ಅಂಗಿ, ಕಿವಿಯ ಮೇಲೆ ಪೆನ್ನು, ಯಾರು ಕಂಡರೂ ಕೈಮುಗಿಯುವಂತಿದ್ದೆ. ಲಾಂಡ್ರಿ ಇಂಗ್ಲಿಷಿನಲ್ಲೇ ಗದರಿಸಿ ಕೇಳಿದೆ. ಅತ್ತಿಗೆ ಬಾಯಿ ತೆರೆದರು, ಮುಚ್ಚಿದರು. ಮತ್ತೆ ತೆರೆದಾಗ ಬಂದದ್ದು ಕನ್ನಡ. ಅದೂ, ಒಲೆ ಆರಿಸಿದ್ದೀಯಾ ನೋಡು ಎಂಬ ಮಾತು. ಮೂರು ಸಲ ಪ್ರಯತ್ನಪಟ್ಟೆವು. ಕೊನೆಗೆ ಅವರು ತಲೆ ಅಲ್ಲಾಡಿಸಿದರು.

"ನೀನು ಬೇಡ ಬಿಡು. ನಿನ್ನ ಮುಖ ನೋಡಿದ್ರೆ ನನಗೆ ಕನ್ನಡವೇ ಬರುತ್ತೆ."

ಕ್ಷೌರಿಕ ಬೇರೆ ಊರಿಗೆ ಹೋದನೆಂದು ಸುದ್ದಿ. ಟೀಚರು ಎಲ್ಲಿದ್ದಾರೋ. ಬಡಗಿಯ ಮನೆ ಯಾವ ಬೀದಿಯಲ್ಲಿದೆಯೋ. ನಮಗೆಲ್ಲ ಆ ಕೋಣೆಯೇ ವಿಳಾಸವಾಗಿತ್ತು. ತಮ್ಮ ಕಚೇರಿಯಲ್ಲಿ ಕೇಳಿದರೆ, ಬೇರೆಯವರ ವಿಳಾಸ ಕೊಡುವಂತಿಲ್ಲ ಎನ್ನುತ್ತಾರೆ. ನಮ್ಮನ್ನು ಎಷ್ಟು ಜೋಪಾನವಾಗಿ ಒಬ್ಬರಿಂದೊಬ್ಬರನ್ನು ಕಾಪಾಡಿದ್ದೀರಿ.

ಆದ್ದರಿಂದ ನನ್ನ ಬೇಡಿಕೆ ಸಣ್ಣದು. ಕಂಪ್ಯೂಟರುಗಳು ಇರಲಿ, ಫಲಕವೂ ಇರಲಿ. ಈ ಪತ್ರಿಕೆ ಶುಕ್ರವಾರ ಹೊರಬರುತ್ತದೆ, ಸಭೆ ಸೋಮವಾರ. ನಡುವೆ ಎರಡು ದಿನ, ಅವೂ ತಮಗೆ ರಜೆ. ಆ ರಜೆಯಲ್ಲಿ ಒಂದು ಮಧ್ಯಾಹ್ನ ಆ ಕೋಣೆಯ ಬೀಗ ತೆಗೆಸಿ. ಟೀಚರು ಸಿಕ್ಕರೆ ಅವರನ್ನು ಕಳಿಸಿ. ಸಿಗದಿದ್ದರೆ ತಾವೇ ಬನ್ನಿ. ತಮಗೆ ಪಾಠ ಮಾಡಲು ಬರಬೇಕಿಲ್ಲ. ನಮ್ಮ ಮುಖಪರಿಚಯವಿಲ್ಲ, ನಮ್ಮ ಮಾತು ಬಾರದು; ಈ ಕೆಲಸಕ್ಕೆ ಅದಕ್ಕಿಂತ ದೊಡ್ಡ ಅರ್ಹತೆ ಬೇರೆಯಿಲ್ಲ. ಅತ್ತಿಗೆಯ ಎದುರು ಕುರ್ಚಿ ಎಳೆದುಕೊಂಡು ಕೂತು, ನಿಮ್ಮ ಗಂಡ ಹೇಗೆ ಊಟ ಮಾಡುತ್ತಾರೆ ಎಂದು ಕೇಳಿ, ಆಮೇಲೆ ಸುಮ್ಮನಿರಿ. ಅವರು ಬಾಯಿ ತೆರೆಯಲು ಹೊತ್ತಾಗಬಹುದು. ಹಾಳೆ ಮಗುಚಬೇಡಿ.

ಇಂತಿ,
ಡಾಕ್ಟರಾಗಲು ಹೋಗಿ ಮೈದುನನಾಗಿಯೇ ಉಳಿದ,
ಈ ಬೀದಿಯ ಎಲ್ಲರ ಮಾವ